ಬಾಡಿಗೆಯವನ ಸಕ್ಕರೆ ಕಾಯಿಲೆ

ಬಾಗಲಗುಂಟೆ
14 ಸೆಪ್ಟೆಂಬರ್ 2025

ಅಶ್ವತ್ಥಮ್ಮಳಿಗೆ,

ನೀನು ಮಗಳ ಬಾಣಂತನಕ್ಕೆಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಇವತ್ತಿಗೆ ಹದಿನೇಳು ದಿನ. ಸ್ಪೂರ್ತಿಯೇ ಇಲ್ಲಿಗೆ ಬರಬೇಕಿತ್ತು. ನಮ್ಮ ಗೋಡೆಗೆ ಅಂಟಿಕೊಂಡಿರುವ ಲೇತ್ ಶೆಡ್ಡಿನ ಸದ್ದಿಗೆ ಕೂಸು ಕಣ್ಣು ಮುಚ್ಚುವುದಿಲ್ಲ ಎಂದು ನೀನೇ ಹೊರಟುಬಿಟ್ಟೆ. ಇರಲಿ.

ಫೋನಿನಲ್ಲಿ ಮಾತಾಡಿ ನನಗೆ ಸಾಕಾಗಿದೆ. ನಿನ್ನ ಎಡಗಿವಿ ಮೊದಲೇ ಮಂದ. ಫೋನು ಹಿಡಿದರೆ ಬಲಗಿವಿಯೂ ಅದರ ಪಕ್ಷವನ್ನೇ ಸೇರುತ್ತದೆ. ಮೊನ್ನೆ ನಾನು "ಮೋಟಾರು ಸುಟ್ಟೋಗಿದೆ ಕಣೇ" ಎಂದು ಕೂಗಿದರೆ ನೀನು "ಮೊಮ್ಮಗು ಹುಟ್ಟಿ ಎರಡು ವಾರ ಆಯ್ತು, ಈಗ ಹೇಳ್ತಿದೀರಲ್ಲ" ಎಂದೆ. ಗೇಟಿನ ಹತ್ತಿರ ನಿಂತಿದ್ದ ಬಾಡಿಗೆಯವರೆಲ್ಲ ನಕ್ಕರು. ಸ್ಪೂರ್ತಿಯ ಮೊಬೈಲಿಗೆ ಮೆಸೇಜು ಹಾಕೋಣವೆಂದರೆ ಮೊದಲು ಅವಳು ಓದುತ್ತಾಳೆ, ಆಮೇಲೆ ಅಳಿಯ ಶ್ರೀಧರ್ ಓದುತ್ತಾನೆ, ಕೊನೆಗೆ ನಿನಗೆ ಓದಿ ಹೇಳುತ್ತಾರೆ. ಅದಕ್ಕೆ ಈ ಕಾಗದ. ನೀನೂ ಬರೆ. ಶಾಲೆಯಲ್ಲಿ ನಿನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು ಎಂದು ಮದುವೆಗೆ ಮುಂಚೆ ನಿಮ್ಮಪ್ಪ ಹೇಳಿದ್ದರು.

ಇನ್ನೊಂದು ವಿಷಯ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಮೂರನೇ ಮನೆಯ ಪರಮಾನಂದ ಅಲ್ಲೇ ಕೆಲಸ ಮಾಡುವುದರಿಂದ ನನ್ನನ್ನೂ ಕರೆದುಕೊಂಡು ಹೋದ. ನನ್ನದು ಎಲ್ಲ ಸರಿಯಾಗಿದೆ. ಆದರೆ ಪಾಪ, ನಮ್ಮ ಬಾಡಿಗೆಯವನೊಬ್ಬನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ ಇನ್ನೂರ ಹನ್ನೆರಡಂತೆ. ಮೂರು ತಿಂಗಳ ಸರಾಸರಿ ಎಂದು ಒಂದು ಪರೀಕ್ಷೆ ಇದೆ, ಅದು ಒಂಬತ್ತಂತೆ. ಒಂಬತ್ತು ಒಳ್ಳೆಯ ಸಂಖ್ಯೆಯಲ್ಲವೇ ಎಂದು ಅವನು ಕೇಳಿದ್ದಕ್ಕೆ ಡಾಕ್ಟರಮ್ಮ ಸಿಟ್ಟಾದರಂತೆ. ಅವನು ರಾಗಿಮುದ್ದೆ ತಿನ್ನಬಹುದೋ ಇಲ್ಲವೋ? ತಿಂದರೆ ಎಷ್ಟು? ನಿನಗೇನಾದರೂ ಗೊತ್ತಿದ್ದರೆ ತಿಳಿಸು. ಅವನು ದಿನಾ ನನ್ನ ತಲೆ ತಿನ್ನುತ್ತಿದ್ದಾನೆ.

ಕೂಸಿನ ಅಂಗೈಗೆ ನನ್ನದೊಂದು ಮುತ್ತು ಕೊಡು.

ಶ್ಯಾಮಣ್ಣ


ಎಲೆಕ್ಟ್ರಾನಿಕ್ ಸಿಟಿ
22 ಸೆಪ್ಟೆಂಬರ್ 2025

ಯಜಮಾನರಿಗೆ,

ಕಾಗದ ಬಂತು. ಮಗಳು, ಮೊಮ್ಮಗಳು ಚೆನ್ನಾಗಿದ್ದಾರೆ. ಕೂಸು ನಿಮ್ಮ ಹಾಗೆಯೇ ಹಸಿವಾದರೆ ಊರಿಗೆಲ್ಲ ತಿಳಿಸುತ್ತದೆ.

ಬಾಡಿಗೆಯವರಿಗೆ ಹೀಗೆ ಹೇಳಿ. ರಾಗಿ ಎಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ. ಒಂದು ಹೊತ್ತಿಗೆ ಒಂದೇ ಮುದ್ದೆ, ಸಣ್ಣ ಕಿತ್ತಳೆಯಷ್ಟು. ಮುದ್ದೆ ಉಂಡ ಮೇಲೆ ಅನ್ನ ಬೇಡ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ ಇರಬೇಕು. ಕಾಲು ಭಾಗ ಕಾಳು. ಉಳಿದ ಕಾಲು ಭಾಗ ಮಾತ್ರ ಮುದ್ದೆಯೋ ಅನ್ನವೋ ರೊಟ್ಟಿಯೋ. ಕಾಫಿಗೆ ಸಕ್ಕರೆ ಬೇಡ, ಅದರ ಬದಲು ಬೆಲ್ಲವೂ ಬೇಡ. ಬೆಲ್ಲ ಒಳ್ಳೆಯದು ಎಂದು ಹೇಳುವವರ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದುಬಿಡಲಿ. ಊಟ ತಪ್ಪಿಸಬಾರದು. ಮಾತ್ರೆ ತಪ್ಪಿಸಲೇಬಾರದು. ಉಂಡು ಅರ್ಧ ಗಂಟೆಯಾದ ಮೇಲೆ ಸ್ವಲ್ಪ ನಡೆಯಬೇಕು. ದಿನಾ ಸಂಜೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದಿದ್ದರೆ ಕನ್ನಡಿಯನ್ನು ನೆಲದ ಮೇಲಿಟ್ಟುಕೊಳ್ಳಲಿ. ಬರಿಗಾಲಿನಲ್ಲಿ ಓಡಾಡಬಾರದು. ಸಣ್ಣ ಗಾಯವಾದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಆ ಬಾಡಿಗೆಯವರ ಹೆಸರೇನು? ನೀವು ಬರೆಯಲೇ ಇಲ್ಲ.

ಭಾನುವಾರ ಬನ್ನಿ. ಒಂದೇ ಸಲ ಮೆಟ್ರೋ ಬದಲಾಯಿಸಿದರೆ ಆಯಿತು ಎಂದು ಶ್ರೀಧರ್ ಹೇಳುತ್ತಾನೆ.

ಕನ್ನಡಕ ಹಾಕಿಕೊಂಡು ಬರೆದ,
ಅಶ್ವತ್ಥಮ್ಮ


ಬಾಗಲಗುಂಟೆ
5 ಅಕ್ಟೋಬರ್ 2025

ಅಶ್ವತ್ಥಮ್ಮಳಿಗೆ,

ಭಾನುವಾರ ಬರಲಾಗಲಿಲ್ಲ. ಟ್ಯಾಂಕು ತೊಳೆಸುವುದಿತ್ತು. ಮುಂದಿನ ಭಾನುವಾರವೂ ಆಗುವುದಿಲ್ಲ, ಏಕೆಂದು ಆಮೇಲೆ ಬರೆಯುತ್ತೇನೆ.

ನೀನು ಬರೆದಿದ್ದನ್ನು ಬಾಡಿಗೆಯವನಿಗೆ ಓದಿ ಹೇಳಿದೆ. ಅವನಿಗೆ ಒಂದೇ ಅನುಮಾನ. ಕಿತ್ತಳೆ ಎಂದರೆ ಕೊಡಗಿನದೋ ನಾಗಪುರದ್ದೋ? ಹಣ್ಣಿನಂಗಡಿಗೆ ಹೋಗಿ ಇದ್ದುದರಲ್ಲಿ ದೊಡ್ಡದನ್ನು ಆರಿಸಿ ತಂದು ಅಡುಗೆಮನೆಯಲ್ಲಿ ಅಳತೆಗೆ ಇಟ್ಟುಕೊಂಡಿದ್ದಾನೆ. ಮೂರನೇ ದಿನ ಅದನ್ನೂ ತಿಂದುಬಿಟ್ಟ.

ಕಾಯಿಲೆಯ ಸುದ್ದಿ ವಠಾರದಲ್ಲಿ ಹೇಗೋ ಹರಡಿದೆ. ಒಬ್ಬೊಬ್ಬರದು ಒಂದೊಂದು ಔಷಧಿ. ಮೊದಲನೇ ಮನೆಯವರು ನೇರಳೆ ಬೀಜದ ಪುಡಿ ಕೊಟ್ಟರು. ಐದನೇ ಮನೆಯಿಂದ ನೆನೆಸಿದ ಮೆಂತ್ಯ ಬಂತು. ಏಳನೇ ಮನೆಯವನು ದಿನಾ ಬೆಳಿಗ್ಗೆ ಹಾಗಲಕಾಯಿ ರಸ ತಂದು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಾನೆ. "ಕಣ್ಮುಚ್ಕೊಂಡು ಎತ್ಬಿಡಿ ಸಾರ್, ಹದಿನೈದು ದಿನ ಅಷ್ಟೇ. ಮಾತ್ರೆ ಗೀತ್ರೆ ಎಲ್ಲಾ ಎಸ್ದುಬಿಡ್ಬೋದು" ಎನ್ನುತ್ತಾನೆ. ಅವನ ಮಾತು ಕೇಳಿ ನಾನು ಮಾತ್ರೆ ನಿಲ್ಲಿಸಿದೆ. ನಾನು ಎಂದರೆ ಬಾಡಿಗೆಯವನು. ಕೈತಪ್ಪಿ ಬರೆದೆ. ಹನ್ನೆರಡು ದಿನ ಕಳೆದು ಪರೀಕ್ಷೆ ಮಾಡಿಸಿದರೆ ಊಟವಾದ ಮೇಲಿನದು ಮುನ್ನೂರ ನಲವತ್ತು. ಡಾಕ್ಟರಮ್ಮ ಶೋಭಾರಾಣಿ ಕೇಳಿದರಂತೆ, "ಹಾಗಲಕಾಯಿ ಪಲ್ಯ ಮಾಡ್ಕೊಂಡು ತಿನ್ನಿ, ಬೇಡ ಅಂದೋರ್ಯಾರು? ಮಾತ್ರೆ ಬಿಡಿ ಅಂತ ಹಾಗಲಕಾಯಿ ನಿಮಗೆ ಹೇಳ್ತಾ?" ಆ ಹೆಂಗಸಿಗೆ ಬಾಯಿ ಸ್ವಲ್ಪ ಜಾಸ್ತಿ.

ಈಗ ಮತ್ತೆ ಮಾತ್ರೆ ಶುರುವಾಗಿದೆ. ನಡೆಯುವುದಕ್ಕೆಂದು ಹೊಸ ಬೂಟು ಕೊಂಡಿದ್ದಾನೆ. ಪಾರ್ಕಿನಲ್ಲಿ ಬೆಳಿಗ್ಗೆ ಆರು ಸುತ್ತು. ಬೂಟು ಸ್ವಲ್ಪ ಬಿಗಿ, ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ.

ನಿನಗೆ ಇಷ್ಟೆಲ್ಲ ಹೇಗೆ ಗೊತ್ತು? ಟಿವಿಯಲ್ಲಿ ನೋಡಿದೆಯಾ?

ಶ್ಯಾಮಣ್ಣ


ಬಾಗಲಗುಂಟೆ
27 ಅಕ್ಟೋಬರ್ 2025

ಅಶ್ವತ್ಥಕ್ಕನವರಿಗೆ,

ಮೂರನೇ ಮನೆಯ ಮಹಾದೇವಿಯ ನಮಸ್ಕಾರ. ಕಾಗದ ಬರೆದು ಹದಿನೈದು ವರ್ಷ ಆಗಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಹೋಗುವಾಗ "ಯಜಮಾನರ ಮೇಲೆ ಒಂದು ಕಣ್ಣಿಟ್ಟಿರು" ಎಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ಬಂದ ಬಾಡಿಗೆಯವನು ಯಾರೂ ಇಲ್ಲ ಅಕ್ಕ. ಬಂದಿರುವುದು ಯಜಮಾನರಿಗೆ. ಶಿಬಿರದಲ್ಲಿ ನನ್ನ ಗಂಡ ಪಕ್ಕದಲ್ಲೇ ನಿಂತಿದ್ದ. ಯಾರಿಗೂ ಹೇಳಬಾರದು ಎಂದು ಯಜಮಾನರು ಅವನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆ ಮಾಡಿದವನು ಅವನು, ನಾನಲ್ಲ.

ಅದಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹೋದ ವಾರದಿಂದ ಅವರು ಕುಂಟುತ್ತಿದ್ದಾರೆ. ಮನೆಯೊಳಗೂ ಬೂಟು ಬಿಚ್ಚುವುದಿಲ್ಲ. ನಿನ್ನೆ ತಂತಿಯ ಮೇಲೆ ಒಣಹಾಕಿದ ಅವರ ಕಾಲುಚೀಲ ನೋಡಿದೆ, ಬೆರಳಿನ ಹತ್ತಿರ ರಕ್ತದ ಕಲೆ ಇತ್ತು. ರೊಟ್ಟಿ ಕೊಡಲು ಹೋದಾಗ ಕೇಳಿದೆ.

"ಯಜಮಾನ್ರ, ಕಾಲಿಗೆ ಏನಾಗೇತ್ರಿ?"

"ಏನಿಲ್ಲ ಕಣಮ್ಮ, ಹೊಸ ಬೂಟು. ಒಸಿ ಕಚ್ಚೈತೆ."

"ತೋರಸ್ರಿ ನೋಡೋಣು."

"ನೋವೇ ಇಲ್ಲ ಅಂದ್ಮೇಲೆ ತೋರ್ಸೋದೇನು? ಓಗು, ರೊಟ್ಟಿ ಇಟ್ಟು ಓಗು."

ನೋವಿಲ್ಲ ಎಂದಿದ್ದಕ್ಕೇ ನನಗೆ ಭಯವಾಯಿತು. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಸ್ಪೂರ್ತಿಗೆ ಹೇಳಿದರೆ ಬಾಣಂತಿ ಗಾಬರಿಯಾಗುತ್ತಾಳೆ. ನನ್ನ ಗಂಡ ನಾಳೆ ನಿಮ್ಮ ಹತ್ತಿರದ ಜಿಗಣಿ ಕಡೆಗೆ ಕೆಲಸದ ಮೇಲೆ ಹೋಗುತ್ತಾನೆ. ಇದನ್ನು ನಿಮ್ಮ ಕೈಗೇ ಕೊಡಲು ಹೇಳಿದ್ದೇನೆ.

ನಿಮ್ಮ ವಿಷಯವನ್ನು ನಾನು ಇವತ್ತಿನವರೆಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ನಿಮ್ಮ,
ಮಹಾದೇವಿ


ಎಲೆಕ್ಟ್ರಾನಿಕ್ ಸಿಟಿ
28 ಅಕ್ಟೋಬರ್ 2025

ಯಜಮಾನರಿಗೆ,

ಈ ಕಾಗದವನ್ನು ಶ್ರೀಧರ್ ಕೈಯಲ್ಲಿ ಕಳಿಸಿದ್ದೇನೆ. ಓದಿದ ತಕ್ಷಣ ಬೂಟು ಬಿಚ್ಚಿ ಅವನಿಗೆ ಕಾಲು ತೋರಿಸಿ, ಅವನ ಜೊತೆ ಈಗಲೇ ಡಾಕ್ಟರ ಹತ್ತಿರ ಹೋಗಿ. ಟ್ಯಾಂಕು, ಮೋಟಾರು, ಗೇಟು ಯಾವ ನೆಪವೂ ಬೇಡ. ಸ್ಪೂರ್ತಿಗೆ ಜ್ವರ. ಇಲ್ಲದಿದ್ದರೆ ನಾನೇ ಬಂದು ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದೆ.

ಟಿವಿಯಲ್ಲಿ ನೋಡಿದೆಯಾ ಎಂದು ಕೇಳಿದ್ದಿರಿ. ಇಲ್ಲ. ನನಗೂ ಸಕ್ಕರೆ ಕಾಯಿಲೆ ಇದೆ. ನಾಲ್ಕು ವರ್ಷವಾಯಿತು.

ಹೆಚ್ಚು ಬರೆಯಲು ಸಮಯವಿಲ್ಲ, ಕೂಸು ಅಳುತ್ತಿದೆ.

ಅಶ್ವತ್ಥಮ್ಮ


ಬಾಗಲಗುಂಟೆ
21 ನವೆಂಬರ್ 2025

ಅಶ್ವತ್ಥಮ್ಮಳಿಗೆ,

ಇಷ್ಟು ದಿನ ಬರೆಯಲಿಲ್ಲ. ಕಾಲು ನೋವಿನಿಂದ ಅಂದುಕೊಂಡಿದ್ದರೆ ಅದು ತಪ್ಪು. ಕಾಗದವನ್ನು ಕೈಯಿಂದ ಬರೆಯುತ್ತಾರೆ. ಸಿಟ್ಟು ಬಂದಿತ್ತು, ಅದಕ್ಕೆ ಬರೆಯಲಿಲ್ಲ.

ಕಾಲಿನ ವಿಷಯ ಮೊದಲು. ಅವತ್ತೇ ಶ್ರೀಧರ್ ಕರೆದುಕೊಂಡು ಹೋದ. ಕಿರುಬೆರಳಿನ ಪಕ್ಕ ಗಾಯವಾಗಿ ಕೀವು ಕಟ್ಟಿತ್ತು. ಶೋಭಾರಾಣಿ ಡಾಕ್ಟರಮ್ಮ ಬೈಯದೆ ಕೈಗವಸು ಹಾಕಿಕೊಂಡು ಗಾಯ ತೊಳೆದರು. ಬೈದಿದ್ದರೇ ಚೆನ್ನಾಗಿತ್ತು. "ನೋವಿರ್ಲಿಲ್ಲ ಮೇಡಂ" ಎಂದೆ. "ಸಕ್ಕರೆ ಜಾಸ್ತಿ ಇದ್ದು ಇದ್ದು ಕಾಲಿಗೆ ನೋವು ಗೊತ್ತಾಗೋದೇ ಕಮ್ಮಿ ಆಗಿದೆ ಸಾರ್. ಇನ್ನೊಂದು ವಾರ ಬಿಟ್ಟು ಬಂದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಿತ್ತು" ಎಂದರು. ದಿನ ಬಿಟ್ಟು ದಿನ ಪಟ್ಟಿ ಹಾಕಿಸಿಕೊಂಡೆ. ಈಗ ಗಾಯ ಮುಚ್ಚುತ್ತಾ ಬಂದಿದೆ.

ಇನ್ನು ನಿನ್ನ ವಿಷಯ. ನಾಲ್ಕು ವರ್ಷ! ಪ್ರತಿ ಶನಿವಾರ ನಾನು ಪೇಟೆಯಿಂದ ನಿನಗೆಂದು ಮೈಸೂರುಪಾಕು ತಂದುಕೊಟ್ಟಿದ್ದೇನೆ. ನೀನು ಪ್ರತಿ ಸಲ "ಚೆನ್ನಾಗಿದೆ" ಎಂದಿದ್ದೀಯ. ಎಲ್ಲಿ ಹೋಯಿತು ಅದೆಲ್ಲ ಎಂದು ಮಹಾದೇವಿಯನ್ನು ಕೇಳಿದೆ. ಮೊದಲು ಸೆರಗು ತಿರುವುತ್ತಾ ನಿಂತಳು. ಆಮೇಲೆ ಹೇಳಿದಳು, "ಎಂಟೂ ಮನೀಗೆ ಪಾಲ ಹಾಕತಿದ್ವಿರಿ. ಅಕ್ಕಾರು ಒಂದ ಚೂರೂ ಬಾಯಿಗಿ ಹಾಕತಿದ್ದಿಲ್ಲ."

ಶನಿವಾರ ಸಂಜೆ ನಾನು ಗೇಟು ತೆಗೆದರೆ ವಠಾರದ ಮಕ್ಕಳೆಲ್ಲ ಓಡಿಬಂದು ನಗುತ್ತಿದ್ದವು. ನನ್ನನ್ನು ಕಂಡರೆ ಎಷ್ಟು ಪ್ರೀತಿ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ.

ನನ್ನದು ಆರು ವಾರದ ಸುಳ್ಳು, ಅದನ್ನೂ ಸರಿಯಾಗಿ ಹೇಳಲು ಬರಲಿಲ್ಲ. ನಿನ್ನದು ನಾಲ್ಕು ವರ್ಷದ್ದು. ನನ್ನ ಎದುರಿಗೇ ಕೂತು ಊಟ ಮಾಡುತ್ತಿದ್ದೆ. ನಾನು ಅಷ್ಟೂ ಹೊರಗಿನವನೇ?

ಶ್ಯಾಮಣ್ಣ


ಎಲೆಕ್ಟ್ರಾನಿಕ್ ಸಿಟಿ
2 ಡಿಸೆಂಬರ್ 2025

ಯಜಮಾನರಿಗೆ,

ನೀವು ಸಿಟ್ಟಾಗಿದ್ದು ಸರಿ. ಆದರೆ ನಾನು ಹೇಳುವುದನ್ನೂ ಓದಿ.

ನಿಮ್ಮ ಅಣ್ಣ ಕೃಷ್ಣಣ್ಣನವರ ಕಾಲು ತೆಗೆದ ದಿನ ನೆನಪಿದೆಯೇ? ಅವರಿಗೆ ಇದ್ದುದೂ ಇದೇ ಕಾಯಿಲೆ. ಹನ್ನೊಂದು ದಿನದಿಂದ ನೀವು ಸರಿಯಾಗಿ ಊಟ ಮಾಡಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಆಪರೇಷನ್ ಮುಗಿದ ಮೇಲೆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತಿರಿ. "ನಮ್ಮನೇಲಿ ಇನ್ಯಾರ್ಗೂ ಈ ಕಾಯಿಲೆ ಬರ್ಬಾರ್ದು ಕಣೇ. ನೀನೊಬ್ಳು ಗಟ್ಟಿಯಾಗಿದೀಯ, ನಂಗೆ ಅಷ್ಟೇ ಧೈರ್ಯ" ಎಂದಿರಿ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಿರಿ.

ಅವತ್ತು ಬೆಳಿಗ್ಗೆ ಅದೇ ಆಸ್ಪತ್ರೆಯಲ್ಲಿ ಬರುವವರಿಗೆಲ್ಲ ಪರೀಕ್ಷೆ ಮಾಡುತ್ತಿದ್ದರು. ನಾನೂ ಮಾಡಿಸಿಕೊಂಡಿದ್ದೆ. ರಿಪೋರ್ಟು ನನ್ನ ಚೀಲದಲ್ಲಿತ್ತು. ನಿಮ್ಮನ್ನು ಎಬ್ಬಿಸಿ ಹೇಳಬೇಕಿತ್ತೇ?

ನೀವು ಎದ್ದ ಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಕೃಷ್ಣಣ್ಣ ಮನೆಗೆ ಬರಲಿ ಎಂದುಕೊಂಡೆ. ಅವರು ಮನೆಗೆ ಬಂದರು, ಒಂದು ವರ್ಷಕ್ಕೆ ಹೋಗಿಯೂಬಿಟ್ಟರು. ಹೇಳುವುದಕ್ಕೆ ಒಳ್ಳೆಯ ದಿನ ಬರಲೇ ಇಲ್ಲ. ಲಗ್ಗೆರೆಯ ತಂಗಿ ಶಿವಗಂಗಾಳ ಮನೆಗೆಂದು ತಿಂಗಳಿಗೊಮ್ಮೆ ಹೋಗುತ್ತಿದ್ದೆನಲ್ಲ, ಅಲ್ಲೇ ಡಾಕ್ಟರಿಗೆ ತೋರಿಸುತ್ತಿದ್ದೆ. ಬೆರಳು ಚುಚ್ಚಿ ನೋಡುವ ಯಂತ್ರವನ್ನು ಮೆಂತ್ಯದ ಡಬ್ಬಿಯಲ್ಲಿ ಇಟ್ಟಿದ್ದೆ. ಅಡುಗೆಮನೆಯಲ್ಲಿ ಇಟ್ಟಿದ್ದು ನಿಮಗೆ ಸಿಗುವುದಿಲ್ಲ ಎಂಬ ನಂಬಿಕೆ ಮೂವತ್ತು ವರ್ಷದಿಂದ ಒಂದು ಸಲವೂ ಸುಳ್ಳಾಗಿಲ್ಲ.

ಮೈಸೂರುಪಾಕು ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ತಿನ್ನುವ ಆಸೆ ಆಗುತ್ತಿರಲಿಲ್ಲ ಎಂದೂ ಅಲ್ಲ. ಹಂಚುವಾಗ ಕೈಗೆ ಅಂಟಿದ ತುಪ್ಪವನ್ನು ಮೂಸಿ ನೋಡುತ್ತಿದ್ದೆ. ಇದನ್ನು ಮಹಾದೇವಿಗೆ ಹೇಳಬೇಡಿ.

ನೀವು ನನಗೇಕೆ ಹೇಳಲಿಲ್ಲ ಎಂದು ನಾನು ಕೇಳುವುದಿಲ್ಲ. ಕೃಷ್ಣಣ್ಣನ ಕಾಲು ತೊಳೆಯುತ್ತಿದ್ದ ನಿಮ್ಮ ಅತ್ತಿಗೆಯನ್ನು ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ನನಗೆ ಗೊತ್ತು.

ಹೊರಗಿನವರಿಗೆ ಯಾರೂ ಇಷ್ಟು ಉದ್ದದ ಕಾಗದ ಬರೆಯುವುದಿಲ್ಲ.

ಅಶ್ವತ್ಥಮ್ಮ


ಬಾಗಲಗುಂಟೆ
28 ಡಿಸೆಂಬರ್ 2025

ಅಶ್ವತ್ಥಮ್ಮಳಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಎದ್ದು ಹೋಗಿ ಗೇಟಿನ ಹತ್ತಿರ ನಿಂತುಕೊಂಡೆ. ಏಳನೇ ಮನೆಯವನು ಹಾಗಲಕಾಯಿ ರಸದ ಪರಿಣಾಮ ಅಂದುಕೊಂಡ.

ಈಗ ನಾನು ಅಡುಗೆಮನೆಗೆ ಹೋಗುತ್ತಿದ್ದೇನೆ. ಮಹಾದೇವಿ ಬಾಗಿಲಲ್ಲಿ ನಿಂತು ಹೇಳಿಕೊಡುತ್ತಾಳೆ. ಅವಳಿಗೆ ಮುದ್ದೆ ಬರುವುದಿಲ್ಲ, ನನಗೆ ಏನೂ ಬರುವುದಿಲ್ಲ. ಮೊದಲ ದಿನದ ಮುದ್ದೆಯೊಳಗೆ ಹಸಿ ಹಿಟ್ಟಿನ ಗಂಟುಗಳು ಬಟಾಣಿಯಂತೆ ಸಿಕ್ಕವು. "ಯಜಮಾನ್ರ, ಇದನ್ನ ಉಂಡ್ರ ಸಕ್ಕರಿ ಏರೂದಿಲ್ಲ ಬಿಡ್ರಿ, ಯಾಕಂದ್ರ ಇದು ಇಳ್ಯೂದೇ ಇಲ್ಲ" ಎಂದು ಅವಳು ನಕ್ಕಳು. ಈಗ ಪರವಾಗಿಲ್ಲ. ಬಸ್ಸಾರು ಮಾಡುತ್ತೇನೆ, ಸೊಪ್ಪು ಬಿಡಿಸುತ್ತೇನೆ. ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸಲು ಇಷ್ಟು ಹೊತ್ತು ಬೇಕೆಂದು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಮೊನ್ನೆ ಮೂರು ತಿಂಗಳ ಸರಾಸರಿ ಮತ್ತೆ ಪರೀಕ್ಷೆ ಮಾಡಿದರು. ಏಳು ಪಾಯಿಂಟ್ ನಾಲ್ಕು. ಗಾಯ ಪೂರ್ತಿ ವಾಸಿಯಾಗಿದೆ. ಬೂಟು ಬದಲಾಯಿಸಿದೆ, ಬೆರಳು ಆಡುವಷ್ಟು ಅಗಲವಾಗಿದೆ. ನರ್ಸಮ್ಮ ಹೊಸ ಫಾರಂ ತುಂಬುತ್ತಾ ಕೇಳಿದಳು.

"ಮನೇಲಿ ಬೇರೆ ಯಾರಿಗಾದ್ರೂ ಶುಗರ್ ಇದೆಯಾ ಸಾರ್?"

"ನಮ್ಮಣ್ಣನಿಗಿತ್ತು."

"ಈಗ?"

ನನ್ನ ಹಿಂದೆ ಆರು ಜನ ಕೂತಿದ್ದರು. ಎಲ್ಲರೂ ಊರಿನವರು. ಗಟ್ಟಿಯಾಗಿಯೇ ಹೇಳಿದೆ, "ನಮ್ಮನೆಯವ್ರಿಗಿದೆ. ನಂಗಿಂತ ನಾಲ್ಕು ವರ್ಷ ಸೀನಿಯರ್ರು."

ನರ್ಸಮ್ಮ ಪೆನ್ನು ಕೆಳಗಿಟ್ಟು ನಕ್ಕಳು. ಒಳಗಿದ್ದ ಡಾಕ್ಟರಮ್ಮನೂ ನಕ್ಕಿದ್ದು ಕೇಳಿಸಿತು. ನಗಲಿ ಬಿಡು. ಹೇಳಿದ ಮೇಲೆ ನನಗೇ ಎದೆ ಹಗುರವಾಯಿತು. "ಅವರ ವಯಸ್ಸೆಷ್ಟು?" ಎಂದು ಕೇಳಿದಳು. ಅದು ಮಾತ್ರ ಗೊತ್ತಾಗಲಿಲ್ಲ. ಐವತ್ತು ಎಂದು ಬರೆಸಿದ್ದೇನೆ. ಹೆಚ್ಚು ಕಡಿಮೆ ಇದ್ದರೆ ತಿಳಿಸು, ತಿದ್ದಿಸೋಣ.

ಭಾನುವಾರ, ಜನವರಿ ನಾಲ್ಕಕ್ಕೆ ಬರುತ್ತೇನೆ. ಮೊದಲು ಕಾಯಿಲೆ ಮುಚ್ಚಿಡಲು, ಆಮೇಲೆ ಕುಂಟುವುದನ್ನು ನೀನು ನೋಡಬಾರದು ಎಂದು ಇಷ್ಟು ದಿನ ಬರಲಿಲ್ಲ. ಮೊಮ್ಮಗಳು ನಾಲ್ಕು ತಿಂಗಳವಳಾದಳು, ತಾತ ಎಂದರೆ ಫೋಟೋ ಎಂದುಕೊಂಡಿರುತ್ತಾಳೆ.

ಶ್ಯಾಮಣ್ಣ


ಎಲೆಕ್ಟ್ರಾನಿಕ್ ಸಿಟಿ
5 ಜನವರಿ 2026

ಯಜಮಾನರಿಗೆ,

ನೀವು ನಿನ್ನೆ ಬಂದು ಹೋದಿರಿ. ಗುರುವಾರ ನಾನೇ ಮನೆಗೆ ಬರುತ್ತೇನೆ. ಈ ಕಾಗದ ತಲುಪುವಾಗ ನಾನು ಅಲ್ಲೇ ಇರುತ್ತೇನೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ.

ಕೂಸನ್ನು ಎತ್ತಿಕೊಂಡು ನೀವು ಒಂದು ಗಂಟೆ ಬಾಲ್ಕನಿಯಲ್ಲಿ ನಿಂತಿದ್ದಿರಿ. ಅವಳು ನಿಮ್ಮ ಮೀಸೆ ಹಿಡಿದು ಜಗ್ಗಿದರೂ ಬಿಡಿಸಿಕೊಳ್ಳಲಿಲ್ಲ. ನೀವು ಬಾಗಲಗುಂಟೆಯ ಎಂಟೂ ಮನೆಯ ಸುದ್ದಿ ಅವಳಿಗೆ ಹೇಳುತ್ತಿದ್ದುದು ನನ್ನ ಬಲಗಿವಿಗೆ ಕೇಳಿಸಿತು.

ಊಟಕ್ಕೆ ಮುಂಚೆ ನಾನು ಯಂತ್ರ ತೆಗೆದುಕೊಂಡು ರೂಮಿಗೆ ಹೊರಟೆ. ನಾಲ್ಕು ವರ್ಷದ ಅಭ್ಯಾಸ, ಬಾಗಿಲು ಹಾಕಿಕೊಂಡೇ ನೋಡಿಕೊಳ್ಳುವುದು. ನೀವು "ಎಲ್ಲಿಗೆ? ಇಲ್ಲೇ ಕೂತ್ಕೋ. ನಾನು ಚುಚ್ತೀನಿ ಕೊಡು" ಎಂದಿರಿ. ನನ್ನ ಕೈಯನ್ನು ನಿಮ್ಮ ಕೈಯಲ್ಲಿಟ್ಟುಕೊಂಡು ಐದೂ ಬೆರಳನ್ನು ತಿರುಗಿಸಿ ನೋಡಿದಿರಿ. ತುದಿಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿವೆ. ನೀವು ಅವನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಿದಿರಿ. ಎಷ್ಟು ಮೆಲ್ಲಗೆ ಚುಚ್ಚಿದಿರೆಂದರೆ ಮೊದಲ ಸಲ ರಕ್ತವೇ ಬರಲಿಲ್ಲ. ಎರಡನೇ ಸಲಕ್ಕೆ ಬಂತು. ಶ್ರೀಧರ್ ಮೊಬೈಲು ನೋಡುವವನಂತೆ ತಲೆ ತಗ್ಗಿಸಿದ. ಸ್ಪೂರ್ತಿ ಎದ್ದು ಒಳಗೆ ಹೋದಳು, ಯಾಕೆ ಹೋದಳೆಂದು ನನಗೆ ಗೊತ್ತು. ಧಾರೆಯ ದಿನ ಬಿಟ್ಟರೆ ನಾಲ್ಕು ಜನರ ಎದುರಿಗೆ ನೀವು ನನ್ನ ಕೈ ಹಿಡಿದಿದ್ದು ನಿನ್ನೆಯೇ.

ನನ್ನದು ನೂರ ಇಪ್ಪತ್ತೆಂಟು, ನಿಮ್ಮದು ನೂರ ನಲವತ್ತೊಂದು ಬಂತು. ಯಂತ್ರ ನನ್ನ ಕಡೆಯದು ಎಂದು ನೀವು ಜಗಳ ತೆಗೆದಿರಿ. ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು.

ನನಗೆ ಐವತ್ತೈದು. ಫಾರಂ ತಿದ್ದಿಸಬೇಡಿ, ಐವತ್ತೇ ಇರಲಿ.

ಪೋಸ್ಟ್‌ಮ್ಯಾನ್ ಬಂದಾಗ ಇದನ್ನು ನೀವೇ ಇಸಿದುಕೊಂಡು ಓದಿ. ಓದಿದೆ ಎಂದು ನನಗೆ ಹೇಳುವುದು ಬೇಡ, ಬರೆದಿದ್ದೆ ಎಂದು ನಾನೂ ಹೇಳುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಎಡಗೈ ನಿಮ್ಮ ಮುಂದೆ ಚಾಚುತ್ತೇನೆ.

ನಿಮ್ಮ ಸೀನಿಯರ್ರು,
ಅಶ್ವತ್ಥಮ್ಮ